ಎಡಗಾಲಿನ ಹುಡುಗನಿಗೆ ಫುಟ್‌ಬಾಲ್ ತಂಡದ ಮೊದಲ ಹನ್ನೊಂದರಲ್ಲಿ ಜಾಗ ಸಿಗೋದು ಹೇಗೆ?

"ತಮ್ಮನಿಗೆ 17, ತುಮಕೂರಲ್ಲಿ ಲೆಫ್ಟ್ ವಿಂಗ್ ಆಡ್ತಾನೆ, ಯಾವಾಗಲೂ ಬೆಂಚಲ್ಲೇ ಕೂರಿಸ್ತಾರೆ" ಅಂದಿದ್ದೀರಿ.

ಲೆಫ್ಟ್ ವಿಂಗ್ ಅಂದ್ರೆ ಎಡಗಡೆ ಮುಂದೆ ಆಡೋ ಜಾಗ. ಅದರ ಜೊತೆ ಲೆಫ್ಟ್ ಬ್ಯಾಕ್, ಅಂದ್ರೆ ಎಡಗಡೆ ಹಿಂದೆ ನಿಂತು ಎದುರಾಳಿಗಳನ್ನ ತಡೆಯೋ ಜಾಗದಲ್ಲಿ ಆಡೋದನ್ನೂ ಕಲೀಲಿ. ಎಡಗಾಲಿನವರೇ ಕಡಿಮೆ, ಆ ಜಾಗಕ್ಕಂತೂ ಹುಡುಕಬೇಕು. ವೇಲ್ಸ್‌ನ ಆಟಗಾರ ಗ್ಯಾರೆತ್ ಬೇಲ್ 2006ರಲ್ಲಿ, 16ನೇ ವಯಸ್ಸಿಗೆ ಇಂಗ್ಲೆಂಡಿನ ಸೌತಾಂಪ್ಟನ್ ಕ್ಲಬ್ಬಿನ ಮೊದಲ ತಂಡಕ್ಕೆ ಬಂದಿದ್ದು ಲೆಫ್ಟ್ ಬ್ಯಾಕ್ ಆಗಿಯೇ. ವಿಂಗ್‌ಗೆ ಹೋಗಿದ್ದು ಆಮೇಲೆ. ಎಡಗಡೆ ಗೆರೆ ಪಕ್ಕ ಓಡುವಾಗ ಬಲಗಾಲಿನವನು ಕ್ರಾಸ್ ಹಾಕೋಕೆ (ಅಂದ್ರೆ ಗೋಲಿನ ಮುಂದಕ್ಕೆ ಚೆಂಡು ಕಳಿಸೋಕೆ) ಚೆಂಡನ್ನ ಒಳಗೆ ಎಳ್ಕೋಬೇಕು, ಅಷ್ಟರಲ್ಲಿ ಡಿಫೆಂಡರ್ ಅಡ್ಡ ಬಂದಿರ್ತಾನೆ. ನಿಮ್ಮ ತಮ್ಮ ಓಡ್ತಾ ಓಡ್ತಾನೇ ಹೊಡೀಬಹುದು.

ಆದರೆ ಚೆಂಡು ಕೈತಪ್ಪಿದ ತಕ್ಷಣ ಹಿಂದಕ್ಕೆ ಓಡಿ ಬರಲೇಬೇಕು. ನಾನು ನೋಡಿದ ಎಷ್ಟೋ ಒಳ್ಳೇ ವಿಂಗರ್‌ಗಳು ಸೊಂಟದ ಮೇಲೆ ಕೈಯಿಟ್ಟು ನಿಂತೇ ಜಾಗ ಕಳ್ಕೊಂಡ್ರು, ಬೇಜಾರಾಗುತ್ತೆ. ಬಲಗಾಲೂ ಪಳಗಲಿ ಅಂತ ದಿನಾ ಬೆಳಗ್ಗೆ ಸ್ವಲ್ಪ ಹೊತ್ತು ಗೋಡೆಗೆ ಬಲಗಾಲಲ್ಲೇ ಚೆಂಡು ಹೊಡೀಲಿ. "ಲೆಫ್ಟ್ ಬ್ಯಾಕೂ ಆಡ್ತೀನಿ ಸಾರ್" ಅಂತ ಕೋಚ್ ಹತ್ರ ಅವನೇ ಹೇಳ್ಲಿ, ನೀವು ಹೇಳೋದು ಬೇಡ.