ಉಪಗ್ರಹದ ಡೇಟಾದಲ್ಲಿ ಮಂಗಳೂರಿನ ಸಮುದ್ರ ಇಳಿಯುತ್ತಿದೆ ಅಂತ ಬರುತ್ತಿದೆ, ಯಾಕೆ?

ನೀವು ಹಾಸನದಲ್ಲಿ ಓದುತ್ತಿದ್ದೀರಿ. ಪ್ರಾಜೆಕ್ಟ್‌ಗೆ ಮಂಗಳೂರು ಕಡೆಯ ಸಮುದ್ರದ ಮಟ್ಟ ತೆಗೆದುಕೊಂಡಿದ್ದೀರಿ. ಡಿಸೆಂಬರ್‌ನಲ್ಲಿ ಶುರುವಾಗಿ ಮರುವರ್ಷದ ಸೆಪ್ಟೆಂಬರ್‌ಗೆ ಮುಗಿಯುವ ಡೇಟಾ ಹಾಕಿದರೆ ಗೆರೆ ಕೆಳಗೆ ಹೋಗುತ್ತಿದೆ ಅಂದಿದ್ದೀರಿ. ಡೇಟಾ ತಪ್ಪಿಲ್ಲ. ತಿಂಗಳು ಆರಿಸಿಕೊಂಡಿದ್ದು ತಪ್ಪು.

ನಾನು ಮೂಡಿಗೆರೆ ಕಡೆಯವಳು. ತೋಟದಲ್ಲಿ ಅಪ್ಪ ದಿನಾ ಬೆಳಿಗ್ಗೆ ಮಳೆ ಅಳೆದು, ಇಂಚು, ಸೆಂಟ್ ಲೆಕ್ಕದಲ್ಲಿ ಪುಸ್ತಕಕ್ಕೆ ಬರೆಯುತ್ತಾರೆ. ಜುಲೈ ಮಳೆಯನ್ನು ಜನವರಿ ಪಕ್ಕ ಇಟ್ಟು ಮಳೆ ಕಮ್ಮಿಯಾಯಿತು ಅಂತ ಯಾವತ್ತೂ ಹೇಳಿದ್ದಿಲ್ಲ. ಈ ಜುಲೈಗೆ ಹಿಂದಿನ ಜುಲೈಗಳೇ ಜೋಡಿ. ಸಮುದ್ರಕ್ಕೂ ಹಾಗೇ ಮಾಡಬೇಕು.

ನಮ್ಮ ಕರಾವಳಿಯಲ್ಲಿ ಸಮುದ್ರದ ಸರಾಸರಿ ಮಟ್ಟ ಮಳೆಗಾಲದಲ್ಲಿ ಇಳಿಯುತ್ತದೆ, ಚಳಿಗಾಲದಲ್ಲಿ ಏರುತ್ತದೆ. ನೇತ್ರಾವತಿ ತುಂಬಿ ಹರಿಯುವ ಹೊತ್ತಲ್ಲಿ ಹೀಗಾಗುವುದು ವಿಚಿತ್ರ ಅಲ್ವಾ? ಅಲೆಯ ಅಬ್ಬರ ಬೇರೆ, ಸರಾಸರಿ ಮಟ್ಟ ಬೇರೆ. ಮುಂಗಾರಿನಲ್ಲಿ ದಡದ ಪಕ್ಕದ ಹರಿವು ದಕ್ಷಿಣಕ್ಕೆ ಸಾಗುತ್ತದೆ, ಕೆಳಗಿನ ತಣ್ಣನೆ ನೀರು ಮೇಲೆ ಬರುತ್ತದೆ. ತಣ್ಣನೆ ನೀರಿಗೆ ಜಾಗ ಕಮ್ಮಿ ಸಾಕು. ಚಳಿಗಾಲದಲ್ಲಿ ಹರಿವು ಉತ್ತರಕ್ಕೆ ತಿರುಗುತ್ತದೆ. ಈ ಏರಿಳಿತ ಸೆಂಟಿಮೀಟರ್‌ಗಳಲ್ಲಿದೆ. ನೀವು ಹುಡುಕುತ್ತಿರುವುದು ವರ್ಷಕ್ಕೆ ಕೆಲವೇ ಮಿಲಿಮೀಟರ್ ಬದಲಾವಣೆ.

ಯುರೋಪಿನವರ ಸಮುದ್ರದ ಡೇಟಾ ತಾಣ ಕೋಪರ್ನಿಕಸ್ ಮರೀನ್‌ನಲ್ಲಿ 1993ರಿಂದ ಈಚಿನ ಡೇಟಾ ಇದೆ. ಲಾಗಿನ್ ಮಾಡಿದರೆ ಪುಕ್ಕಟೆ. ಪೂರ್ತಿ ಇಳಿಸಿಕೊಳ್ಳಿ. ಎಲ್ಲ ಜನವರಿಗಳ ಸರಾಸರಿ ತೆಗೆದು, ಅದನ್ನು ಪ್ರತಿ ಜನವರಿಯಿಂದ ಕಳೆಯಿರಿ. ಹನ್ನೆರಡು ತಿಂಗಳಿಗೂ ಇದನ್ನೇ ಮಾಡಿ. ಉಳಿದದ್ದಕ್ಕೆ ಗೆರೆ ಎಳೆಯಿರಿ.

ಅಲೆಗಳ ನಡುವೆ ಮಿಲಿಮೀಟರ್ ಹೇಗೆ ಸಿಗುತ್ತದೆ ಅಂತಲೂ ಕೇಳಿದ್ದೀರಿ. 1992ರಲ್ಲಿ ಹಾರಿಸಿದ ಟೋಪೆಕ್ಸ್ ಪೊಸೈಡನ್ ಉಪಗ್ರಹ, ಆಮೇಲೆ ಬಂದ ಜೇಸನ್ ಉಪಗ್ರಹಗಳು ಸುಮಾರು 1,336 ಕಿ.ಮೀ. ಎತ್ತರದಿಂದ ರೇಡಾರ್ ಅಲೆ ಬಿಟ್ಟವು. ಅದು ನೀರಿಗೆ ಬಡಿದು ವಾಪಸ್ ಬರಲು ಸುಮಾರು 9 ಮಿಲಿಸೆಕೆಂಡ್ ಸಾಕು. ಆ ಸಮಯದಿಂದ ದೂರ ಗೊತ್ತಾಗುತ್ತದೆ. ಒಂದೊಂದು ಅಳತೆ ಕೆಲವು ಸೆಂಟಿಮೀಟರ್ ಆಚೀಚೆ ಆಗುತ್ತದೆ. ಆದರೆ ಸುಮಾರು ಹತ್ತು ದಿನಕ್ಕೊಮ್ಮೆ ಅದೇ ದಾರಿಯಲ್ಲಿ ಬಂದು, ವರ್ಷಗಟ್ಟಲೆ ಅಳೆದು ಸರಾಸರಿ ತೆಗೆದಾಗ ಆ ಹೆಚ್ಚುಕಮ್ಮಿ ಒಂದಕ್ಕೊಂದು ವಜಾ ಆಗುತ್ತದೆ. ಇಸ್ರೋ ಫ್ರಾನ್ಸ್ ಜೊತೆ ಸೇರಿ 2013ರಲ್ಲಿ ಹಾರಿಸಿದ ಸರಳ್ ಉಪಗ್ರಹ ಕೂಡ ಇದೇ ಕೆಲಸದ್ದು.

ನಿಮ್ಮ ಹಾಸನದ ಸಾಲಗಾಮೆ ರಸ್ತೆಯಲ್ಲಿರುವ ಇಸ್ರೋದ ಉಪಗ್ರಹ ನಿಯಂತ್ರಣ ಕೇಂದ್ರ ಎಂಸಿಎಫ್‌ನಲ್ಲಿ ಈ ಡೇಟಾ ಹುಡುಕಬೇಡಿ. ಅವರು ನೋಡಿಕೊಳ್ಳುವುದು ಸುಮಾರು 36,000 ಕಿ.ಮೀ. ಎತ್ತರದ ಉಪಗ್ರಹಗಳನ್ನು.

ಇನ್ನೊಂದು ಮಾತು. ಈ ಡೇಟಾದಲ್ಲಿ ಸಮುದ್ರವನ್ನು ಸಣ್ಣ ಸಣ್ಣ ಚೌಕಗಳಾಗಿ ಹಂಚಿರುತ್ತಾರೆ. ದಡಕ್ಕೆ ಅಂಟಿಕೊಂಡ ಚೌಕ ಆರಿಸಬೇಡಿ, ನೆಲದಿಂದ ಬಂದ ಪ್ರತಿಧ್ವನಿ ಸೇರಿಕೊಂಡು ಅಳತೆ ಕೆಡುತ್ತದೆ. ಪ್ರಪಂಚದ ಸರಾಸರಿ 1993ರಿಂದ ಸುಮಾರು 10 ಸೆಂ.ಮೀ. ಏರಿದೆ. ನಿಮ್ಮ ಅಂಕಿ ಅದಕ್ಕೆ ಸರಿಯಾಗಿ ಹೊಂದದಿದ್ದರೆ ಗಾಬರಿ ಬೇಡ. ಗಾಳಿ, ನೀರಿನ ಬಿಸಿ ಎಲ್ಲ ಕಡೆ ಒಂದೇ ತರಹ ಇರುವುದಿಲ್ಲ. ಗ್ರೀನ್‌ಲ್ಯಾಂಡಿನ ಮಂಜುಗಡ್ಡೆ ಕರಗಿದರೆ ಅದರ ಗುರುತ್ವದ ಸೆಳೆತ ಕಮ್ಮಿಯಾಗಿ ಅಲ್ಲಿನ ಸಮುದ್ರವೇ ಇಳಿಯುತ್ತದೆ, ನೀರು ದೂರದಲ್ಲಿ ಜಾಸ್ತಿ ಏರುತ್ತದೆ.

ತಿಂಗಳ ಸರಾಸರಿ ಕಳೆದ ಮೇಲೂ ಗೆರೆ ಕೆಳಗೇ ಹೋದರೆ, ನಿಮ್ಮ ಚೌಕದ ಅಕ್ಷಾಂಶ, ರೇಖಾಂಶ ಇಲ್ಲಿ ಹಾಕಿ. ನಾನೂ ಇಳಿಸಿಕೊಂಡು ನೋಡುತ್ತೇನೆ.