ಕೆನಡಾದ ರಸ್ತೆಯಿಲ್ಲದ ಸರೋವರಗಳಲ್ಲಿ ಫಿಶಿಂಗ್ ಕ್ಯಾಂಪ್ (ಮೀನು ಹಿಡಿಯಲು ಬರುವವರ ತಂಗುದಾಣ) ನಡೆಸುವ ಕುಟುಂಬಗಳಿಗೆ ಚಳಿಗಾಲದಲ್ಲಿ ಏನು ಕೆಲಸ?

ಸುಮ್ನೆ ಬೆಂಕಿ ಕಾಯಿಸುತ್ತಾ ಕೂರುತ್ತಾರೆ ಅಂದುಕೊಂಡಿರಾ? ಹಾಗಿಲ್ಲ. ಅಲ್ಲಿನ ಒಂಟಾರಿಯೊ ಪ್ರಾಂತ್ಯದ ವಾಯವ್ಯ ಭಾಗದಲ್ಲಿ ಸರೋವರದ ಮಂಜುಗಡ್ಡೆ ಕರಗುವುದೇ ಮೇ ಹೊತ್ತಿಗೆ. ವಾಲೈ ಮೀನಿನ ಸೀಸನ್ ಶುರುವಾಗುವುದೂ ಆಗಲೇ. ಅಲ್ಲಿಂದ ಸುಮಾರು ಸೆಪ್ಟೆಂಬರ್‌ವರೆಗಿನ ನಾಲ್ಕೈದು ತಿಂಗಳಲ್ಲೇ ಇಡೀ ವರ್ಷದ ದುಡಿಮೆ. ಬೇಸಿಗೆಯಲ್ಲಿ ಅತಿಥಿ, ದಿನಸಿ, ಪೆಟ್ರೋಲ್ ಎಲ್ಲವೂ ನೀರಿನ ಮೇಲಿಳಿಯುವ ಪುಟ್ಟ ವಿಮಾನದಲ್ಲೇ ಬರಬೇಕು. ತೂಕ ಹೆಚ್ಚಿದಷ್ಟೂ ಖರ್ಚು. ಅದಕ್ಕೇ ಹಲಗೆ, ಗ್ಯಾಸ್ ಸಿಲಿಂಡರ್‌ನಂಥ ಭಾರದ ಸಾಮಾನನ್ನು ಎಷ್ಟೋ ಕಡೆ ಚಳಿಗಾಲದಲ್ಲೇ ಹಿಮದ ಮೇಲೆ ಓಡುವ ಸ್ನೋಮೊಬೈಲ್ ಗಾಡಿಗೆ ಕಟ್ಟಿ, ಹೆಪ್ಪುಗಟ್ಟಿದ ಸರೋವರದ ಮೇಲೆ ಎಳೆದು ತರುತ್ತಾರೆ. ಹಿಂದೆಲ್ಲಾ ಅದೇ ಸರೋವರದ ಮಂಜುಗಡ್ಡೆ ಕೊಯ್ದು, ಮರದ ಹೊಟ್ಟಿನಲ್ಲಿ ಮುಚ್ಚಿಟ್ಟು, ಬೇಸಿಗೆಯಲ್ಲಿ ಮೀನು ಕೆಡದಂತೆ ಬಳಸುತ್ತಿದ್ದರು. ಜಾಣತನ ಅಲ್ವಾ! ಇನ್ನು ಮುಂದಿನ ಸೀಸನ್ನಿನ ಬುಕಿಂಗ್. ಗಿರಾಕಿಗಳಲ್ಲಿ ಅಮೆರಿಕದವರೇ ಜಾಸ್ತಿ, ಹಾಗಾಗಿ ಫೋನು, ಈಮೇಲ್ ನಿಲ್ಲುವುದಿಲ್ಲ.