ಜೀನ್ ಹೊತ್ತೊಯ್ಯುವ ಪಾಲಿಮರ್ (ಸರಪಳಿಯಂಥ ಉದ್ದನೆಯ ಅಣು) ಜೀವಕೋಶದ ಪೊರೆಯನ್ನು ದಾಟುವುದು ಹೇಗೆ?

ಮೊದಲು ವಿದ್ಯುತ್ ಸೆಳೆತದಿಂದ ಪೊರೆಗೆ ಅಂಟಿಕೊಳ್ಳುತ್ತದೆ. ಆಮೇಲೆ ಜೀವಕೋಶವೇ ಅದನ್ನು ಒಳಗೆ ಎಳೆದುಕೊಳ್ಳುತ್ತದೆ.

ಪಾಲಿಎಥಿಲೀನ್‌ಇಮೈನ್ ಎಂಬ ಪಾಲಿಮರ್ ತೆಗೆದುಕೊಳ್ಳಿ. ಜೀನ್ ಸಾಗಿಸಲು 1995ರಿಂದ ಲ್ಯಾಬ್‌ಗಳಲ್ಲಿ ಬಳಕೆಯಲ್ಲಿದೆ. ಇದರ ಮೈತುಂಬಾ ಧನ ವಿದ್ಯುದಂಶ, ಡಿಎನ್‌ಎಗೆ ಋಣ. ಎರಡೂ ಸೇರಿ ಪುಟ್ಟ ಉಂಡೆಯಾಗುತ್ತವೆ. ಪಾಲಿಮರ್ ಸ್ವಲ್ಪ ಜಾಸ್ತಿ ಇದ್ದರೆ ಉಂಡೆಯ ಹೊರಮೈ ಧನವಾಗಿಯೇ ಉಳಿಯುತ್ತದೆ. ಕೋಶದ ಹೊರಮೈಯಲ್ಲಿರುವ ಸಕ್ಕರೆ ಸರಪಳಿಗಳು ಋಣ. ಅಂಟಲೇಬೇಕು ಅಲ್ವಾ? ಪೊರೆ ಒಳಕ್ಕೆ ಬಾಗಿ ಉಂಡೆಯನ್ನು ಸುತ್ತಿಕೊಂಡು ಚೀಲವಾಗುತ್ತದೆ.

ನಿಜವಾದ ಕಷ್ಟ ಆ ಚೀಲದಿಂದ ಹೊರಬರುವುದು. ಅದರೊಳಗೆ ಹುಳಿ ಏರುತ್ತದೆ, ಪಿಎಚ್ ಸುಮಾರು 7.4ರಿಂದ 5ರ ಆಸುಪಾಸಿಗೆ ಇಳಿಯುತ್ತದೆ. ಪಾಲಿಮರ್ ಆ ಹುಳಿಯ ಪ್ರೋಟಾನ್‌ಗಳನ್ನು ಹೀರಿಕೊಳ್ಳುವುದರಿಂದ ಒಳಗೆ ಲವಣ, ನೀರು ನುಗ್ಗಿ ಚೀಲ ಒಡೆಯುತ್ತದೆ ಎಂಬುದು ಹಳೆಯ ವಿವರಣೆ. ಅಷ್ಟೇ ಸಾಲದು ಎಂಬ ವಾದವೂ ಇದೆ: ಪ್ರೋಟಾನ್ ಹೀರಿ ಇನ್ನಷ್ಟು ಧನವಾದ ಪಾಲಿಮರ್, ಚೀಲದ ಗೋಡೆಯ ಲಿಪಿಡ್‌ಗಳನ್ನೇ, ಅಂದರೆ ಕೊಬ್ಬಿನಂಥ ಅಣುಗಳನ್ನೇ, ಕದಲಿಸಿ ತೂತು ಮಾಡುತ್ತದೆ. ನನಗೆ ಇದರಲ್ಲಿ ಹುರುಳಿದೆ ಅನ್ನಿಸುತ್ತದೆ. ಯಾಕೆಂದರೆ ಇದೇ ಪಾಲಿಮರ್ ಪ್ರಮಾಣ ಮೀರಿದರೆ ಕೋಶದ ಹೊರಪೊರೆಗೂ ತೂತು ಬಿದ್ದು ಕೋಶ ಸಾಯುತ್ತದೆ.